ಶಾಲಾ ವಿಜ್ಞಾನ ಮೇಳದ ವರದಿಯಲ್ಲಿ ‘ಹಿನ್ನೆಲೆ ಅಧ್ಯಯನ’ ಬರೆಯುವುದು ಹೇಗೆ? ಕಾರವಾರದ ಬಾವಿಗಳ ಉದಾಹರಣೆಯೊಂದಿಗೆ

ವಿಜ್ಞಾನ ಮೇಳದ ಸುತ್ತೋಲೆ ಶಾಲೆಗೆ ತಲುಪಿದ ವಾರದಿಂದಲೇ ಒಂದೇ ಪ್ರಶ್ನೆ ಬರತೊಡಗುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದಲೂ ಬರುತ್ತದೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಬರುತ್ತದೆ. “ಮಾದರಿ ಸಿದ್ಧವಾಗಿದೆ, ಪ್ರಯೋಗವೂ ಮುಗಿದಿದೆ. ವರದಿಯಲ್ಲಿ ಹಿನ್ನೆಲೆ ಅಧ್ಯಯನ ಎಂದು ಒಂದು ಭಾಗ ಕೇಳಿದ್ದಾರೆ. ಅದರಲ್ಲಿ ಏನು ತುಂಬಿಸಬೇಕು?” ಕೇಳುವವರಲ್ಲಿ ಮಕ್ಕಳಿಗಿಂತ ಪಾಲಕರೇ ಹೆಚ್ಚು ಎಂಬುದು ಬೇರೆ ಮಾತು.

‘ತುಂಬಿಸುವುದು’ ಎಂದುಕೊಂಡಲ್ಲೇ ತೊಂದರೆ ಶುರುವಾಗುತ್ತದೆ. ವರದಿಯ ಉಳಿದ ಭಾಗಗಳು ನೀವು ಏನು ಮಾಡಿದಿರಿ, ಏನು ಕಂಡಿರಿ ಎಂದು ಹೇಳುತ್ತವೆ. ನೀವು ಹಾಗೆಯೇ ಏಕೆ ಮಾಡಿದಿರಿ, ಇಂಥದ್ದೇ ಫಲಿತಾಂಶ ಬರಬಹುದೆಂದು ಏಕೆ ಊಹಿಸಿದಿರಿ ಎಂಬುದಕ್ಕೆ ಆಧಾರ ಕೊಡುವುದು ಹಿನ್ನೆಲೆಯ ಕೆಲಸ. ಆದ್ದರಿಂದ ಅದು ಪ್ರಯೋಗಕ್ಕಿಂತ ಮೊದಲು ಆಗಬೇಕು. ಪ್ರಯೋಗ ಮುಗಿದ ಮೇಲೆ ಅಂತರ್ಜಾಲದಿಂದ ಎರಡು ಪುಟ ಇಳಿಸಿ ಅಂಟಿಸಿದ್ದನ್ನು ತೀರ್ಪುಗಾರರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ಇನ್ನೊಂದು ವಿಷಯವನ್ನು ಈಗಲೇ ಸ್ಪಷ್ಟಮಾಡಿಕೊಳ್ಳಿ. ಎಲ್ಲ ಸ್ಪರ್ಧೆಗಳೂ ಈ ಭಾಗವನ್ನು ಒಂದೇ ಪ್ರಮಾಣದಲ್ಲಿ ಕೇಳುವುದಿಲ್ಲ. ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೆ ಮೊದಲ ಹಂತದಲ್ಲಿ ನಿಮ್ಮ ಕಲ್ಪನೆಯ ಸಂಕ್ಷಿಪ್ತ ವಿವರಣೆ ಸಾಕು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪೂರ್ಣ ವರದಿ ಬೇಕು. ಪುಟದ ಮಿತಿ, ಭಾಷೆ, ಶೀರ್ಷಿಕೆಗಳ ಕ್ರಮ ಇವೆಲ್ಲ ಸುತ್ತೋಲೆಯಲ್ಲಿರುತ್ತವೆ. ಅದನ್ನು ಶಿಕ್ಷಕರ ಬಾಯಿಂದ ಕೇಳಿ ಬಿಡಬೇಡಿ, ಪ್ರತಿ ಪಡೆದು ನೀವೇ ಓದಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ನೂರು ಪುಟದ ಒಂದು ನೋಟ್‌ಬುಕ್, 8ರಿಂದ 10ನೇ ತರಗತಿಯವರೆಗಿನ ವಿಜ್ಞಾನ ಪಠ್ಯಪುಸ್ತಕಗಳು, ಇಂಟರ್ನೆಟ್ ಇರುವ ಒಂದು ಮೊಬೈಲ್, ಎರಡು ವಾರಗಳ ಬಿಡುವು.

1. ವಿಷಯವನ್ನು ಪ್ರಶ್ನೆಯಾಗಿ ಮಾಡಿ

‘ಜಲಮಾಲಿನ್ಯ’, ‘ಅಡಿಕೆ ಬೆಳೆಯ ಸಮಸ್ಯೆಗಳು’, ‘ಸಮುದ್ರ ಸಂಪತ್ತು’ ಇವು ಪ್ರಬಂಧ ಸ್ಪರ್ಧೆಯ ಶೀರ್ಷಿಕೆಗಳು. ಇಂಥ ವಿಷಯ ಹಿಡಿದು ಹಿನ್ನೆಲೆ ಓದಲು ಕುಳಿತರೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ. ಉತ್ತರವನ್ನು ಅಳತೆ ಮಾಡಿ ಹೇಳಬಹುದಾದ ಒಂದು ಪ್ರಶ್ನೆ ಬೇಕು.

ಈ ಲೇಖನದುದ್ದಕ್ಕೂ ನಮ್ಮ ಕರಾವಳಿಯ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾಜಾಳಿಯಿಂದ ಹಿಡಿದು ಕೆಳಗೆ ಭಟ್ಕಳದವರೆಗೆ ಕಡಲಿಗೆ ಹತ್ತಿರದ ಎಷ್ಟೋ ಬಾವಿಗಳ ನೀರು ಮಳೆಗಾಲದಲ್ಲಿ ಸಿಹಿಯಾಗಿದ್ದು ಬೇಸಿಗೆಯಲ್ಲಿ ಸವಳಾಗುತ್ತದೆ. ಇದನ್ನು ಪ್ರಶ್ನೆಯಾಗಿ ಮಾಡಿದರೆ: “ಸಮುದ್ರದಿಂದ ಇರುವ ದೂರಕ್ಕೂ ಬಾವಿಯ ನೀರಿನಲ್ಲಿರುವ ಉಪ್ಪಿನ ಪ್ರಮಾಣಕ್ಕೂ ಸಂಬಂಧವಿದೆಯೇ?” ಇಲ್ಲಿ ದೂರವನ್ನು ನೀವು ಆಯ್ದುಕೊಳ್ಳುತ್ತೀರಿ, ಉಪ್ಪನ್ನು ಅಳೆಯುತ್ತೀರಿ. ಹೀಗೆ ಬದಲಾಗುವ ಅಂಶಗಳನ್ನು ಚರಾಂಶಗಳು ಎನ್ನುತ್ತಾರೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಚರಾಂಶಗಳು ಕಣ್ಣಿಗೆ ಕಾಣದಿದ್ದರೆ ಪ್ರಶ್ನೆ ಇನ್ನೂ ಸಿದ್ಧವಾಗಿಲ್ಲ.

2. ದೊಡ್ಡ ಪ್ರಶ್ನೆಯನ್ನು ಸಣ್ಣ ಪ್ರಶ್ನೆಗಳಾಗಿ ಒಡೆಯಿರಿ

ಮೊಬೈಲ್ ಮುಟ್ಟುವ ಮೊದಲು ಮಾಡುವ ಕೆಲಸ ಇದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಏನೇನು ಗೊತ್ತಿರಬೇಕು ಎಂದು ಬರೆಯಿರಿ. ಬಾವಿಯ ಯೋಜನೆಗೆ ಪಟ್ಟಿ ಹೀಗಾಗಬಹುದು:

• ಬಾವಿಗೆ ನೀರು ಎಲ್ಲಿಂದ ಬರುತ್ತದೆ?
• ಸಮುದ್ರದ ನೀರು ನೆಲದಡಿಯಲ್ಲಿ ಒಳಗೆ ಬರುವುದು ಹೇಗೆ, ಅದನ್ನು ತಡೆಯುವುದು ಯಾವುದು?
• ನೀರಿನ ಉಪ್ಪನ್ನು ಹೇಗೆ ಅಳೆಯುತ್ತಾರೆ?
• ಎಷ್ಟಿದ್ದರೆ ಹೆಚ್ಚು ಎಂದು ಯಾರು ನಿರ್ಧರಿಸಿದ್ದಾರೆ?
• ನಮ್ಮ ಭಾಗದಲ್ಲಿ ಮೊದಲು ಯಾರಾದರೂ ಅಳೆದಿದ್ದಾರೆಯೇ?
• ಸಮುದ್ರವಲ್ಲದೆ ಬೇರೆ ಕಾರಣದಿಂದಲೂ ನೀರು ಉಪ್ಪಾಗಬಹುದೇ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೈಬಿಡುತ್ತಾರೆ. ತೀರ್ಪುಗಾರರು ಮೊದಲು ಕೇಳುವುದು ಅದನ್ನೇ.

ವಿಷಯ ಯಾವುದೇ ಇರಲಿ, ಈ ಆರು ಬಗೆಯ ಪ್ರಶ್ನೆಗಳು ಹೊಂದುತ್ತವೆ. ಶಿರಸಿಯ ವಿದ್ಯಾರ್ಥಿ ಅಡಿಕೆಯ ಕೊಳೆರೋಗವನ್ನು ಎತ್ತಿಕೊಂಡರೆ, ರೋಗ ತರುವ ಫೈಟಾಫ್ತೊರಾ ಎಂಬ ಜೀವಿ ಹೇಗೆ ಹರಡುತ್ತದೆ, ಮಳೆಗೂ ಅದಕ್ಕೂ ಏನು ಸಂಬಂಧ, ರೋಗದ ಪ್ರಮಾಣವನ್ನು ಅಳೆಯುವುದು ಹೇಗೆ, ರೋಗ ತಡೆಯಲು ಸಿಂಪಡಿಸುವ ಬೋರ್ಡೊ ದ್ರಾವಣ ಏಕೆ ಕೆಲಸ ಮಾಡುತ್ತದೆ, ಉದುರಿದ ಕಾಯಿಗಳೆಲ್ಲ ಕೊಳೆಯಿಂದಲೇ ಉದುರಿದವೇ ಎಂದು ಕೇಳಿಕೊಳ್ಳಬೇಕು.

ಎಚ್ಚರಿಕೆ: ಈ ಪಟ್ಟಿಯ ಯಾವ ಪ್ರಶ್ನೆಗೂ ಉತ್ತರವಾಗದ ಮಾಹಿತಿ ಎಷ್ಟೇ ಸ್ವಾರಸ್ಯಕರವಾಗಿದ್ದರೂ ವರದಿಯೊಳಗೆ ಬರಬಾರದು. ಕಾರವಾರದ ಬಂದರಿನ ಇತಿಹಾಸ ಚೆನ್ನಾಗಿದೆ, ಬಾವಿಯ ಉಪ್ಪಿಗೆ ಅದು ಸಂಬಂಧಿಸಿದ್ದಲ್ಲ.

3. ಎಲ್ಲಿ ಹುಡುಕಬೇಕು

ಮೊದಲು ಪಠ್ಯಪುಸ್ತಕ. ಇದನ್ನು ಹೇಳಿದರೆ ಮಕ್ಕಳ ಮುಖ ಸಪ್ಪಗಾಗುತ್ತದೆ, ಆದರೆ ಬಾವಿಯ ಯೋಜನೆಯ ತಿರುಳಾದ ಸಾಂದ್ರತೆಯ ಪಾಠ ಅಲ್ಲೇ ಇದೆ. ಸಾಂದ್ರತೆ ಎಂದರೆ ಇಷ್ಟು ಗಾತ್ರದ ವಸ್ತುವಿನಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬ ಲೆಕ್ಕ. ಪಾರಿಭಾಷಿಕ ಪದಗಳ ಸರಿಯಾದ ಕನ್ನಡ ರೂಪವೂ ಅಲ್ಲಿ ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳು ನಿಮ್ಮ ಊರಿನ ಗ್ರಂಥಾಲಯದಲ್ಲಿ ಇದ್ದರೆ ಅವನ್ನೂ ನೋಡಿ. ವಿಶ್ವಕೋಶದ ವ್ಯಾಖ್ಯೆಗಳನ್ನು ನಂಬಬಹುದು, ಅಂಕಿಅಂಶಗಳು ಹಳೆಯವಾಗಿರುತ್ತವೆ.

ಎರಡನೆಯದು ಸರ್ಕಾರಿ ದಾಖಲೆ. ವಿದ್ಯಾರ್ಥಿಗಳು ಕಡೆಗಣಿಸುವ ಬಂಗಾರದ ಗಣಿ ಇದು. ಕೇಂದ್ರ ಅಂತರ್ಜಲ ಮಂಡಳಿ ದೇಶದಾದ್ಯಂತ ತಾನು ಆಯ್ದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಉತ್ತರ ಕನ್ನಡ ಜಿಲ್ಲೆಯ ಅಂತರ್ಜಲದ ಬಗ್ಗೆ ಅದರ ಕಿರುಹೊತ್ತಿಗೆ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೇಳ ಮಳೆಗಾಲದಲ್ಲೋ ಅದರ ಬೆನ್ನಿಗೋ ಬಂದರೆ ಮೇ ತಿಂಗಳ ಅಳತೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆಗ ನೆಚ್ಚಿಕೊಳ್ಳಬೇಕಾದದ್ದು ಇಂಥ ದಾಖಲೆಯನ್ನೇ. ಮಳೆಯ ಅಂಕಿಗೆ ಭಾರತೀಯ ಹವಾಮಾನ ಇಲಾಖೆ, ಕುಡಿಯುವ ನೀರಿನ ಮಿತಿಗೆ ಭಾರತೀಯ ಮಾನಕ ಬ್ಯೂರೋ.

ಮೂರನೆಯದು ಸಂಶೋಧನ ಬರಹ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಲೇಖನಗಳೂ ಉಚಿತ. ಮುನ್ನೂರು ಪುಟದ ಪ್ರಬಂಧ ಕಂಡು ಹೆದರಬೇಡಿ. ಮೊದಲಿನ ಸಾರಾಂಶ, ನಕ್ಷೆಗಳು, ಕೊನೆಯ ತೀರ್ಮಾನ, ಇಷ್ಟು ಓದಿದರೆ ನಿಮ್ಮ ಹಂತಕ್ಕೆ ಸಾಕು. ಇಂಗ್ಲಿಷಿನಲ್ಲಿ ಹುಡುಕುವಾಗ ‘ಉಪ್ಪು ನೀರು ಬಾವಿ’ಯ ನೇರ ಅನುವಾದ ಹಾಕಿದರೆ ಏನೂ ಸಿಗದು. ‘ಸೀವಾಟರ್ ಇಂಟ್ರೂಷನ್’, ‘ಕೋಸ್ಟಲ್ ಅಕ್ವಿಫರ್’ ಎಂದು ಹಾಕಿ, ಮುಂದೆ ಜಿಲ್ಲೆಯ ಹೆಸರು ಸೇರಿಸಿ. ಅಕ್ವಿಫರ್ ಎಂದರೆ ನೀರನ್ನು ಹಿಡಿದಿಟ್ಟು ಹರಿಯಬಿಡುವ ನೆಲದಡಿಯ ಪದರ. ಕನ್ನಡದಲ್ಲಿ ಜಲಧರ ಎನ್ನುತ್ತಾರೆ.

ನಾಲ್ಕನೆಯದು ಹತ್ತಿರದ ಬಲ್ಲವರು. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಅದೃಷ್ಟವಂತರು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಕೇಂದ್ರವೂ ಇದೆ, ಅದರ ಪ್ರಕಟಣೆಗಳು ಜಾಲದಲ್ಲಿ ಮುಕ್ತವಾಗಿವೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿ, ಮುಖ್ಯೋಪಾಧ್ಯಾಯರ ಪತ್ರ ಒಯ್ಯಿರಿ. “ನಮ್ಮ ಪ್ರಾಜೆಕ್ಟಿಗೆ ಮಾಹಿತಿ ಕೊಡಿ ಸರ್” ಎಂದರೆ ಅವರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ. ಎರಡನೇ ಹಂತದ ಪಟ್ಟಿಯಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಮಾತ್ರ ಕೇಳಿ.

ವಿಕಿಪೀಡಿಯವನ್ನು ಓದಿ, ಆದರೆ ಉಲ್ಲೇಖಿಸಬೇಡಿ. ಪುಟದ ಕೊನೆಯಲ್ಲಿ ಅದು ಕೊಡುವ ಮೂಲಗಳಿಗೆ ಹೋಗಿ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಗೊತ್ತಿಲ್ಲದ ಪದದ ಅರ್ಥ ಕೇಳಲು, ಕಠಿಣ ವಾಕ್ಯವನ್ನು ಬಿಡಿಸಿಕೊಳ್ಳಲು ಬಳಸಿದರೆ ತಪ್ಪೇನಿಲ್ಲ. ಆದರೆ ಅವು ಇಲ್ಲದ ಲೇಖನಕ್ಕೆ ಇಲ್ಲದ ಲೇಖಕರ ಹೆಸರು ಹಚ್ಚಿ ವರ್ಷದ ಸಮೇತ ಕೊಡಬಲ್ಲವು. ಅವು ಹೇಳಿದ ಮೂಲವನ್ನು ನೀವೇ ತೆರೆದು ಓದದ ಹೊರತು ವರದಿಯಲ್ಲಿ ಸೇರಿಸಬೇಡಿ. ಸುತ್ತೋಲೆಯಲ್ಲಿ ಅವುಗಳ ಬಳಕೆಗೆ ನಿರ್ಬಂಧವಿದೆಯೇ ಎಂದೂ ನೋಡಿ.

4. ಟಿಪ್ಪಣಿ ಹೀಗೆ ಮಾಡಿ

ಓದಿದ್ದನ್ನೆಲ್ಲ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಅದು ಟಿಪ್ಪಣಿಯಾಗುವುದಿಲ್ಲ. ಒಂದು ಮಾಹಿತಿಗೆ ಅರ್ಧ ಪುಟ ಕೊಡಿ. ಒಂದು ನಮೂನೆ:

ಯಾವ ಪ್ರಶ್ನೆಗೆ: ಎಷ್ಟಿದ್ದರೆ ಹೆಚ್ಚು?
ಎಲ್ಲಿ ಸಿಕ್ಕಿತು: ಭಾರತೀಯ ಮಾನಕ ಬ್ಯೂರೋ, ಕುಡಿಯುವ ನೀರಿನ ಮಾನಕ ಐಎಸ್ 10500, 2012
ಏನು ಹೇಳಿದೆ: ಕ್ಲೋರೈಡ್ (ಉಪ್ಪಿನ ಮುಖ್ಯ ಅಂಶ) ಲೀಟರಿಗೆ 250 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1,000ದವರೆಗೆ.
ನನಗೆ ಏಕೆ ಬೇಕು: ನನ್ನ ಬಾವಿಗಳನ್ನು ಸಿಹಿ, ಸವಳು ಎಂದು ವಿಂಗಡಿಸಲು.

ನಾಲ್ಕನೇ ಸಾಲು ಬರೆಯಲಾಗದಿದ್ದರೆ ಆ ಮಾಹಿತಿ ನಿಮಗೆ ಬೇಡ ಎಂದೇ ಲೆಕ್ಕ.

ಈಗ ಈ ಟಿಪ್ಪಣಿಯ ಪಕ್ಕ ಇನ್ನೊಂದನ್ನು ಇಡಿ: ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಸಮುದ್ರದ ನೀರು ಬೆರೆತರೆ ಕ್ಲೋರೈಡ್ ಲೀಟರಿಗೆ ಸುಮಾರು 280 ಮಿಲಿಗ್ರಾಂ ಆಗಿ 250ರ ಗೆರೆ ದಾಟುತ್ತದೆ. ಈ ವಾಕ್ಯ ಯಾವ ಪುಸ್ತಕದಲ್ಲೂ ಹೀಗೆಯೇ ಇರಲಿಕ್ಕಿಲ್ಲ, ಎರಡು ಮೂಲಗಳಿಂದ ನೀವೇ ಕಟ್ಟಿದ್ದು. ಹಿನ್ನೆಲೆ ಅಧ್ಯಯನದಲ್ಲಿ ‘ಅಧ್ಯಯನ’ ಎನ್ನಿಸಿಕೊಳ್ಳುವುದು ಇದೇ. ಉಪ್ಪನ್ನು ಅಳೆಯಲು ಸೂಕ್ಷ್ಮವಾದ ವಿಧಾನ ಏಕೆ ಬೇಕೆಂಬುದಕ್ಕೆ ಕಾರಣವೂ ಇದರಿಂದಲೇ ಸಿಕ್ಕಿತು.

ಎಚ್ಚರಿಕೆ, ಮಾನಗಳ ಬಗ್ಗೆ. ಮಿಲಿಗ್ರಾಂ ಪ್ರತಿ ಲೀಟರ್, ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ), ಮೈಕ್ರೋಸೀಮನ್ಸ್ ಎಂದು ಬೇರೆ ಬೇರೆ ಮೂಲಗಳು ಬೇರೆ ಬೇರೆ ಮಾನ ಬಳಸುತ್ತವೆ. ಸಿಹಿನೀರಿನ ಮಟ್ಟಿಗೆ ಮೊದಲೆರಡೂ ಹೆಚ್ಚುಕಡಿಮೆ ಒಂದೇ. ಮೂರನೆಯದು ವಿದ್ಯುತ್ ವಾಹಕತೆಯ ಅಳತೆಗೆ ಬಳಕೆಯಾಗುತ್ತದೆ, ಅಂದರೆ ನೀರು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಹಾಯಿಸುತ್ತದೆ ಎಂಬುದರ ಅಳತೆ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ನಿಜವಾಗಿ ಅಳೆಯುವುದು ಈ ವಾಹಕತೆಯನ್ನೇ. ಅದನ್ನು ಒಂದು ಗುಣಕದಿಂದ ಗುಣಿಸಿ, ಕರಗಿದ ಒಟ್ಟು ಘನವಸ್ತು ಇಷ್ಟು ಎಂದು ತೋರಿಸುತ್ತದೆ. ಅದರಲ್ಲಿ ಅಡುಗೆ ಉಪ್ಪು ಎಷ್ಟು, ಸುಣ್ಣದಂಶ ಎಷ್ಟು ಎಂದು ಅದು ಹೇಳಲಾರದು. “ಟಿಡಿಎಸ್ 600 ಬಂತು, ಆದ್ದರಿಂದ ಸಮುದ್ರದ ನೀರು ಸೇರಿದೆ” ಎಂಬ ವಾಕ್ಯ ನಾನು ನೋಡಿದ ವರದಿಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂಬ ನಾಲ್ಕು ಸಾಲು ಹಿನ್ನೆಲೆಯಲ್ಲಿ ಇದ್ದಿದ್ದರೆ ಈ ತಪ್ಪು ತಾನಾಗಿ ತಪ್ಪುತ್ತಿತ್ತು.

ಕ್ಲೋರೈಡನ್ನೇ ಅಳೆಯಬೇಕೆಂದರೆ ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಮಾಡುವ ಮೋರ್ ವಿಧಾನವಿದೆ. ಪೊಟ್ಯಾಶಿಯಂ ಕ್ರೋಮೇಟ್ ಬೆರೆಸಿದ ಹಳದಿ ನೀರಿಗೆ ಹನಿ ಹನಿಯಾಗಿ ಬಿಡುತ್ತ ಹೋದಾಗ ಬಣ್ಣ ಇಟ್ಟಿಗೆಗೆಂಪಿಗೆ ತಿರುಗಿ ನಿಂತ ಘಳಿಗೆಯೇ ಅಂತ್ಯಬಿಂದು. ಕ್ರೋಮೇಟ್ ವಿಷಕಾರಿ. ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರಿನಲ್ಲಿ ಮಾತ್ರ ಮಾಡಿ, ಮನೆಯಲ್ಲಿ ಬೇಡ.

5. ಊರಿನವರನ್ನು ಕೇಳಿ, ಕೇಳಿದ್ದನ್ನು ಪರೀಕ್ಷಿಸಿ

ಹಿರಿಯರ ಅನುಭವ ವಿಜ್ಞಾನ ವರದಿಗೆ ಬರಬಾರದು ಎಂಬುದೊಂದು ತಪ್ಪು ಕಲ್ಪನೆ. ಅವರು ಹೇಳಿದ್ದೆಲ್ಲವೂ ಸತ್ಯ ಎಂಬುದು ಇನ್ನೊಂದು. ಎರಡರ ನಡುವೆ ದಾರಿ ಇದೆ.

ಬಾವಿಯ ಮನೆಗೆ ಹೋದಾಗ “ನೀರು ಉಪ್ಪಾಗುತ್ತದೆಯೇ?” ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಅಜ್ಜಿ, ಯಾವ ಹಬ್ಬದ ಹೊತ್ತಿಗೆ ಈ ನೀರಿನಲ್ಲಿ ಬೇಳೆ ಬೇಯುವುದು ತಡವಾಗುತ್ತದೆ? ಯಾವಾಗಿನಿಂದ ಕುಡಿಯಲು ಬೇರೆ ಕಡೆಯಿಂದ ತರುತ್ತೀರಿ?” ಎಂದು ಕೇಳಿ. ಸುಗ್ಗಿ ಹಬ್ಬ ಮುಗಿದ ಮೇಲೆ, ಯುಗಾದಿಯ ಹೊತ್ತಿಗೆ, ಮೊದಲ ಮಳೆ ಬಿದ್ದು ನಾಲ್ಕು ದಿನಕ್ಕೆ ಎಂದು ಉತ್ತರ ಬರುತ್ತದೆ. ಅದನ್ನು ತಿಂಗಳಿಗೆ ಪರಿವರ್ತಿಸಿ ಬರೆದುಕೊಳ್ಳಿ. ಐದಾರು ಮನೆಗಳ ಉತ್ತರ ಒಂದೇ ಕಡೆ ವಾಲಿದರೆ ಅದು ನಿಮ್ಮ ಊಹೆಗೆ ಒಂದು ಆಧಾರ. ಬೇಳೆ ಬೇಯದಿರುವುದು ಗಡಸು ನೀರಿನ ಲಕ್ಷಣ, ಅದಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ. ಸಮುದ್ರದ ನೀರಿನಲ್ಲಿ ಮೆಗ್ನೀಶಿಯಂ ಧಾರಾಳವಾಗಿದೆ, ಆದರೆ ಗಡಸುತನ ಬೇರೆ ಕಾರಣಕ್ಕೂ ಬರುತ್ತದೆ. ಅಜ್ಜಿಯ ಮಾತಿನಿಂದ ಹೀಗೆ ಮತ್ತೊಂದು ಪ್ರಶ್ನೆ ಹುಟ್ಟಿ ಪಟ್ಟಿಗೆ ಸೇರಿತು.

ಘಟ್ಟದ ಮೇಲಿನ ಒಂದು ಉದಾಹರಣೆ ನೋಡಿ. ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮೊದಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. ಶೇಕಡಾ 1ರ ದ್ರಾವಣಕ್ಕೆ ತಲಾ ಒಂದು ಕಿಲೋ, ನೂರು ಲೀಟರ್ ನೀರು. ದ್ರಾವಣ ಹದವಾಗಿದೆಯೇ ಎಂದು ನೋಡಲು ಹಿರಿಯರು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ “ಸುಣ್ಣ ಸಾಲದು” ಎಂದು ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಇದನ್ನು ‘ರೈತರ ನಂಬಿಕೆ’ ಎಂದು ಬರೆದು ಮುಂದೆ ಹೋದ ವರದಿ ಅವಕಾಶ ಕಳೆದುಕೊಂಡಿತು. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಅದ್ದಿದರೆ ಕಬ್ಬಿಣವು ತಾಮ್ರವನ್ನು ಹೊರದೂಡುತ್ತದೆ, ಮೊಳೆಗೆ ತಾಮ್ರದ ಬಣ್ಣ ಬರುತ್ತದೆ. ಹತ್ತನೇ ತರಗತಿಯ ಸ್ಥಾನಪಲ್ಲಟ ಕ್ರಿಯೆ ಇದೇ. ಸುಣ್ಣ ಸಾಕಷ್ಟಿದ್ದರೆ ಬಿಡಿ ತಾಮ್ರದ ಅಯಾನು ದ್ರಾವಣದಲ್ಲಿ ಉಳಿಯುವುದಿಲ್ಲ, ಕತ್ತಿ ಕೆಂಪಾಗುವುದಿಲ್ಲ. ಉಳಿದರೆ ಅದು ಎಳೆಯ ಕಾಯಿ, ಎಲೆಗಳನ್ನು ಸುಡುತ್ತದೆ. ಬೋರ್ಡೊ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ. ಮೈಸೂರು ಸಂಸ್ಥಾನದಲ್ಲಿ ಅದನ್ನು ಕೊಳೆರೋಗಕ್ಕೆ ಬಳಸಿ ತೋರಿಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ತೋಟದ ಅನುಭವ, ಪಠ್ಯದ ರಸಾಯನಶಾಸ್ತ್ರ, ಬೆಳೆಯ ಇತಿಹಾಸ ಮೂರೂ ಒಂದೇ ಪ್ಯಾರಾದಲ್ಲಿ ಕೂಡುವ ಇಂಥ ಜಾಗ ನಿಮ್ಮ ವಿಷಯದಲ್ಲೂ ಇದ್ದೀತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನೋ ಮೀನುಗಾರರನ್ನೋ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರನ್ನೋ ಮಾತನಾಡಿಸದೆ ಅದು ಸಿಗುವುದಿಲ್ಲ.

ಮಾತನಾಡಿಸಿದವರ ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ. ಬೇಡವೆಂದರೆ ಊರು ಮತ್ತು ಕಸುಬು ಬರೆದರೆ ಸಾಕು.

6. ಪ್ರಯೋಗದ ಯೋಜನೆಯನ್ನು ತಿದ್ದಿ

ಇಷ್ಟು ಓದಿದ ಮೇಲೂ ನಿಮ್ಮ ಪ್ರಯೋಗದಲ್ಲಿ ಏನೂ ಬದಲಾಗದಿದ್ದರೆ ಓದಿದ್ದು ಸಾಲದು ಎಂದೇ ನನ್ನ ಅಭಿಪ್ರಾಯ.

ಬಾವಿಯ ಯೋಜನೆಯನ್ನೇ ನೋಡಿ. ಮೊದಲು ಸಮುದ್ರದಿಂದ ದೂರ ಅಳೆಯೋಣ ಎಂದುಕೊಂಡಿದ್ದೆವು. ಆದರೆ ಕಾಳಿ, ಗಂಗಾವಳಿ, ಅಘನಾಶಿನಿಯಂಥ ನದಿಗಳ ಅಳಿವೆಯಲ್ಲಿ ಉಬ್ಬರದ ನೀರು ನದಿಯೊಳಗೆ ಬಹುದೂರ ಏರುತ್ತದೆ ಎಂದು ಓದಿದಿರಿ. ಅಳಿವೆ ಎಂದರೆ ನದಿ ಕಡಲನ್ನು ಸೇರುವ ಜಾಗ. ಸಮುದ್ರದಿಂದ ದೂರವಿದ್ದು ಅಳಿವೆಯ ದಂಡೆಗೆ ಹತ್ತಿರವಿರುವ ಬಾವಿಯೂ ಸವಳಾಗಬಹುದು. ಹಾಗಾದರೆ ಅಳೆಯಬೇಕಾದದ್ದು ಹತ್ತಿರದ ಯಾವುದೇ ಉಪ್ಪುನೀರಿನಿಂದ ಇರುವ ದೂರ. ಶೌಚಗುಂಡಿಯ ನೀರಿನಿಂದಲೂ ಕ್ಲೋರೈಡ್ ಏರುತ್ತದೆ ಎಂದು ತಿಳಿಯಿತು, ಆದ್ದರಿಂದ ಪ್ರತಿ ಬಾವಿಯ ಪಕ್ಕದ ಗುಂಡಿಯ ದೂರವನ್ನೂ ಬರೆದುಕೊಳ್ಳಬೇಕು. ಉಬ್ಬರ ಇಳಿತದ ಪರಿಣಾಮ ಬೆರೆಯದಂತೆ ಎಲ್ಲ ಬಾವಿಗಳ ನೀರನ್ನೂ ಒಂದೇ ದಿನ, ಸಾಧ್ಯವಾದಷ್ಟು ಒಂದೇ ಹೊತ್ತಿನಲ್ಲಿ ತೆಗೆಯಬೇಕು.

ಈ ಮೂರು ಬದಲಾವಣೆಗಳನ್ನೂ ಅವುಗಳ ಕಾರಣವನ್ನೂ ವರದಿಯಲ್ಲಿ ಹೇಳಿ. ಅಂಕ ಬರುವುದು ಇಂಥ ಕಡೆ.

7. ಈಗ ಬರೆಯಿರಿ

ಕ್ರಮ ಸರಳ: ಸಾಮಾನ್ಯ ತತ್ತ್ವದಿಂದ ಆರಂಭಿಸಿ ನಿಮ್ಮ ಊರಿಗೆ ಬನ್ನಿ, ಅಳತೆಯ ವಿಧಾನ ಹೇಳಿ, ಬೇರೆ ಕಾರಣಗಳನ್ನು ಹೇಳಿ, ಪ್ರಾಕಲ್ಪನೆಯಲ್ಲಿ ನಿಲ್ಲಿಸಿ. ಪ್ರಾಕಲ್ಪನೆ ಎಂದರೆ ಪ್ರಯೋಗಕ್ಕೆ ಮೊದಲು ಕಾರಣ ಕೊಟ್ಟು ಮಾಡುವ ಊಹೆ. ಸುತ್ತೋಲೆ ಬೇರೆ ಮಿತಿ ಹಾಕದಿದ್ದರೆ ಎರಡು ಪುಟ ಸಾಕು.

“ನೀರು ಸಕಲ ಜೀವಿಗಳಿಗೆ ಆಧಾರ. ಭೂಮಿಯ ಮುಕ್ಕಾಲು ಭಾಗ ನೀರಿನಿಂದ ಆವೃತವಾಗಿದೆ. ನೀರಿಲ್ಲದ ಬದುಕನ್ನು ಊಹಿಸಲೂ ಸಾಧ್ಯವಿಲ್ಲ.” ಹೀಗೆ ಆರಂಭಿಸಿದ್ದರೆ ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ತೀರ್ಪುಗಾರರಿಗೆ ನೀರಿನ ಮಹತ್ವ ಗೊತ್ತಿದೆ.

ಬದಲಿಗೆ ಇಂಥದ್ದು ಬರಲಿ:

“ಕರಾವಳಿಯ ನೆಲದಡಿಯಲ್ಲಿ, ಮಳೆಯಿಂದ ಇಂಗಿದ ಸಿಹಿನೀರು ಸಮುದ್ರದ ಕಡೆಯಿಂದ ಒಳಬಂದ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಒಂದು ಲೀಟರ್ ಸಿಹಿನೀರಿನ ದ್ರವ್ಯರಾಶಿ ಸುಮಾರು 1 ಕಿಲೋಗ್ರಾಂ, ಸಮುದ್ರದ ನೀರಿನದು ಸುಮಾರು 1.025 ಕಿಲೋಗ್ರಾಂ. ಆದ್ದರಿಂದ 40 ಮೀಟರ್ ಎತ್ತರದ ಸಮುದ್ರದ ನೀರನ್ನು ಸರಿದೂಗಿಸಲು 41 ಮೀಟರ್ ಸಿಹಿನೀರು ಬೇಕು. ಅಂದರೆ ಅಂತರ್ಜಲದ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಸಿಹಿನೀರು ಸಮುದ್ರಮಟ್ಟದ ಕೆಳಗೆ 40 ಮೀಟರ್ ಆಳದವರೆಗೆ ಇರಬಹುದು. ಡಚ್ ಎಂಜಿನಿಯರ್ ಗೈಬೆನ್ 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ ಈ ಸಂಬಂಧವನ್ನು ವಿವರಿಸಿದರು. ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ಉಪ್ಪುನೀರಿನ ಗಡಿ ಮೇಲೇರುತ್ತದೆ. ಈ ಲೆಕ್ಕ ನೀರು ನಿಶ್ಚಲವಾಗಿರುವ, ಒಂದೇ ಬಗೆಯ ನೆಲಕ್ಕೆ ಅನ್ವಯಿಸುತ್ತದೆ. ನಮ್ಮ ಊರಿನಲ್ಲಿ ಮರಳಿನ ಜೊತೆ ಜಂಬಿಟ್ಟಿಗೆಯೂ ಇರುವುದರಿಂದ ಗಡಿ ಎಲ್ಲ ಕಡೆ ಒಂದೇ ಸಮನಾಗಿ ಇರಲಾರದು.”

ಇದರಲ್ಲಿ ಗಮನಿಸಿ: ಪ್ರತಿ ಅಂಕಿಗೂ ಕೆಲಸವಿದೆ. 1.025 ಇಲ್ಲದೆ 41 ಬರುವುದಿಲ್ಲ, 41 ಇಲ್ಲದೆ ಗಡಿ ಏಕೆ ಏರುತ್ತದೆಂದು ತಿಳಿಯುವುದಿಲ್ಲ. ಕೊನೆಯಲ್ಲಿ ತತ್ತ್ವದ ಮಿತಿಯನ್ನೂ ಹೇಳಿದೆ. ಪ್ರಯೋಗದಲ್ಲಿ ಒಂದೆರಡು ಬಾವಿಗಳು ಲೆಕ್ಕಕ್ಕೆ ಸಿಗದೆ ಹೋದರೆ ಚರ್ಚಿಸಲು ಆ ವಾಕ್ಯವೇ ಕೈಹಿಡಿಯುತ್ತದೆ.

ನಕಲು ಮಾಡದೆ ಬರೆಯುವ ಉಪಾಯ: ಮೂಲವನ್ನು ಮುಚ್ಚಿಡಿ, ಟಿಪ್ಪಣಿಯನ್ನು ಮಾತ್ರ ತೆರೆದಿಡಿ, ಏಳನೇ ತರಗತಿಯ ತಂಗಿಗೋ ತಮ್ಮನಿಗೋ ವಿವರಿಸುವಂತೆ ಬರೆಯಿರಿ. ಆಮೇಲೆ ಮೂಲ ತೆರೆದು ಅಂಕಿಗಳು ಸರಿಯಾಗಿವೆಯೇ ಎಂದು ನೋಡಿ. ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದ ಮಾಡಿ ಹಾಕುವುದೂ ಕೃತಿಚೌರ್ಯವೇ, ಅಂದರೆ ಇನ್ನೊಬ್ಬರ ಬರಹವನ್ನು ತನ್ನದೆಂದು ತೋರಿಸುವುದೇ. ಅದರ ಕನ್ನಡವೂ ಓದಲು ಬರುವಂತಿರುವುದಿಲ್ಲ.

ನಿಮ್ಮ ಪ್ರಯೋಗದ ಫಲಿತಾಂಶ ಇಲ್ಲಿ ಬರಬಾರದು. “ನಮ್ಮ ಅಳತೆಯಲ್ಲೂ ಹೀಗೆಯೇ ಕಂಡಿತು” ಎಂಬ ವಾಕ್ಯ ಹಿನ್ನೆಲೆಯಲ್ಲಿ ಕಂಡರೆ, ಊಹೆಯನ್ನು ಉತ್ತರ ನೋಡಿ ಬರೆದಿದ್ದೀರಿ ಎಂದಾಗುತ್ತದೆ.

ಪ್ರಾಕಲ್ಪನೆ ಒಂದೇ ವಾಕ್ಯದಲ್ಲಿರಲಿ: “ಸಿಹಿನೀರಿನ ಮಟ್ಟ ಉಪ್ಪುನೀರಿನ ದಂಡೆಯ ಬಳಿ ಕಡಿಮೆ ಇರುವುದರಿಂದ, ದಂಡೆಯಿಂದ ದೂರ ಹೋದಂತೆ ಬಾವಿಗಳ ಕ್ಲೋರೈಡ್ ಕಡಿಮೆಯಾಗುತ್ತದೆ ಎಂದು ಊಹಿಸುತ್ತೇವೆ.” ‘ದಿಂದ’ ಎಂಬ ಕಾರಣದ ಭಾಗ ಹಿನ್ನೆಲೆಯಿಂದಲೇ ಬರಬೇಕು. ಊಹೆ ಸುಳ್ಳಾದರೆ ಅಂಕ ಕಡಿತವಾಗುವುದಿಲ್ಲ, ಅದನ್ನು ತಿದ್ದಿ ಬರೆಯುವ ಗೋಜಿಗೆ ಹೋಗಬೇಡಿ.

8. ಮೂಲಗಳನ್ನು ನಮೂದಿಸಿ

ಪುಸ್ತಕವಾದರೆ ಲೇಖಕ, ವರ್ಷ, ಹೆಸರು, ಪ್ರಕಾಶಕರು. ಜಾಲತಾಣವಾದರೆ ಸಂಸ್ಥೆ, ಪುಟದ ಶೀರ್ಷಿಕೆ, ನೀವು ನೋಡಿದ ದಿನಾಂಕ. ಮಾತುಕತೆಯಾದರೆ ಯಾರೊಂದಿಗೆ, ಎಲ್ಲಿ, ಎಂದು. ‘ಗೂಗಲ್’ ಎಂದು ಬರೆಯಬೇಡಿ. ಗೂಗಲ್ ಹುಡುಕಿಕೊಟ್ಟಿತು, ಬರೆದವರು ಬೇರೆ ಯಾರೋ. ‘ವಿಜ್ಞಾನಿಗಳು ಹೇಳುತ್ತಾರೆ’ ಎಂದು ಬರೆದ ಕಡೆಯೆಲ್ಲ ಯಾವ ವಿಜ್ಞಾನಿ, ಯಾವಾಗ ಎಂದು ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ವಾಕ್ಯ ತೆಗೆಯಿರಿ.

9. ಒಪ್ಪಿಸುವ ಮೊದಲು

ಮನೆಯವರೊಬ್ಬರ ಕೈಗೆ ವರದಿ ಕೊಟ್ಟು, ಯಾವುದಾದರೂ ಐದು ಅಂಕಿ ಅಥವಾ ಪದಗಳ ಕೆಳಗೆ ಗೆರೆ ಎಳೆಯಲು ಹೇಳಿ. ಪ್ರತಿಯೊಂದು ಎಲ್ಲಿಂದ ಬಂತು, ಅರ್ಥವೇನು, ಪ್ರಯೋಗಕ್ಕೆ ಏಕೆ ಬೇಕಾಯಿತು ಎಂದು ಕಾಗದ ನೋಡದೆ ಹೇಳಿ. ತಡವರಿಸಿದ್ದನ್ನು ಮತ್ತೆ ಓದಿ ಅಥವಾ ತೆಗೆದುಹಾಕಿ. ಪಾಲಕರಲ್ಲಿ ಒಂದು ವಿನಂತಿ: ಗೆರೆ ಎಳೆಯಿರಿ, ಪೆನ್ನು ಅಲ್ಲಿಗೇ ನಿಲ್ಲಲಿ. ದೊಡ್ಡವರು ಬರೆದುಕೊಟ್ಟ ವಾಕ್ಯ ಎರಡನೇ ಪ್ರಶ್ನೆಗೇ ಹೊರಬೀಳುತ್ತದೆ, ಆಗ ಮುಜುಗರ ಪಡುವುದು ಮಗು.

ಮೇಳದ ದಿನ ಟಿಪ್ಪಣಿಯ ನೋಟ್‌ಬುಕ್ ಒಯ್ದು ಮೇಜಿನ ಮೇಲೆ ಭಿತ್ತಿಪತ್ರದ ಪಕ್ಕದಲ್ಲೇ ಇಡಿ. ಅದನ್ನು ಅಂದವಾಗಿ ಮರುಬರೆಯುವುದು ಬೇಡ, ಹೊಡೆದುಹಾಕಿದ ಸಾಲುಗಳು ಹಾಗೆಯೇ ಇರಲಿ. ತೀರ್ಪುಗಾರರು ವರದಿಯ ಯಾವುದೇ ಅಂಕಿಯ ಬಗ್ಗೆ ಕೇಳಿದಾಗ ಆ ಪುಟವನ್ನು ತೆರೆದು ತೋರಿಸಬಹುದು.